ರಂಪಿಗೆಯ ಕಪ್ಪನ್ನು ತಿಕ್ಕಬೇಡಿ

ಇವತ್ತು ಸ್ವಲ್ಪ ಉದ್ದ ಬರೀತಿದ್ದೀನಿ, ಅದೂ ಚಾಕುವಿನ ವಿಷಯ. ನಗಬೇಡಿ, ಪೂರ್ತಿ ಓದಿ.

ಹೋದ ವಾರ ಕೆಂಪಾಪುರದ ನಮ್ಮನೆಗೆ ಅಕ್ಕನ ಮಗ ಬಂದಿದ್ದ. ಮಾಗಡಿ ತಾಲ್ಲೂಕಿನ ಕೆಂಪಾಪುರ, 2015ರಲ್ಲಿ ಕೆಂಪೇಗೌಡರ ಸಮಾಧಿ ಬೆಳಕಿಗೆ ಬಂದ ಊರು. ಹುಡುಗ ಬೆಂಗಳೂರಿನ ಎಸ್.ಪಿ. ರೋಡಿನಿಂದ ಒಂದು ಬಾಟ್ಲಿ ಫೆರಿಕ್ ಕ್ಲೋರೈಡ್ ತಂದಿದ್ದ. ಎಲೆಕ್ಟ್ರಾನಿಕ್ಸ್ ಬೋರ್ಡಿನ ತಾಮ್ರ ಕರಗಿಸೋಕೆ ಬಳಸೋ ದ್ರಾವಣ. ಯೂಟ್ಯೂಬ್ ನೋಡಿ, ಹೊಸ ಚಾಕುವಿನ ಅಲಗಿಗೆ ಕಪ್ಪು ಬರಿಸ್ತೀನಿ ಅಂತ ಹಿತ್ತಲಲ್ಲಿ ಕೂತ. ‘ಪಟೀನಾ’ ಅಂತೆ ಅದರ ಹೆಸರು. ಕೈಗೆ ಗ್ಲೌಸ್ ಇಲ್ಲ, ಕಣ್ಣಿಗೆ ಕನ್ನಡಕ ಇಲ್ಲ.

ಜಗಲಿ ಮೇಲಿದ್ದ ನಮ್ಮಪ್ಪ ಕೇಳಿದ: “ಏನ್ಲಾ ಮಗ ಅದು, ಆಸಿಡ್ಡಾ? ಮೊದ್ಲು ಮುಚ್ಚಿಡು ಅತ್ಲಾಗಿ. ಒಂದ್ ಚೊಂಬು ಟೀ ಡಿಕಾಕ್ಷನ್ ಸಾಕು ಕಣ್ಲಾ ಅದುಕ್ಕೆ.”

ಅಲಗನ್ನು ಸೋಪು, ಬೂದಿ ಹಾಕಿ ಎಣ್ಣೆ ಪಸೆ ಹೋಗೋವರೆಗೂ ತಿಕ್ಕಿಸಿದ. ಟೀಪುಡಿ ಗಟ್ಟಿಯಾಗಿ ಕುದಿಸಿ, ಗೋಲಿಯಷ್ಟು ಹುಣಸೆಹಣ್ಣು ಕಿವುಚಿ, ಆರಿದ ಮೇಲೆ ಚಾಕು ಅದ್ದಿಟ್ಟ. ಬೆಳಿಗ್ಗೆ ತೆಗೆದರೆ ಅಲಗು ನೇರಳೆಹಣ್ಣಿನ ಹಾಗೆ ಕಪ್ಪು. ಒರೆಸಿ, ಕೊಬ್ಬರಿ ಎಣ್ಣೆ ಸವರಿ, ಅಂಚನ್ನು ಮಾತ್ರ ಸಾಣೆಕಲ್ಲಿಗೆ ಕೊಟ್ಟ. ಹುಡುಗ ಗ್ಯಾಸ್ ಒಲೆ ಮೇಲೆ ಕಾಯಿಸೋಣ, ಇನ್ನೂ ಬಣ್ಣ ಬರುತ್ತೆ ಅಂದಿದ್ದಕ್ಕೆ ಬೈದ. ನೀಲಿ ಆಗೋವರೆಗೆ ಕಾಯಿಸಿದ್ರೆ ಹದ ಹೋಗುತ್ತೆ, ಅಂಚು ನಿಲ್ಲಲ್ಲ. ಇದೆಲ್ಲ ಕುಲುಮೆಯಲ್ಲಿ ಲಾರಿ ಕಮಾನುಪಟ್ಟೆ ಬಡಿದು ಮಾಡ್ತಾರಲ್ಲ, ಅಂಥ ಉಕ್ಕಿಗೆ. ಸ್ಟೇನ್‌ಲೆಸ್ ಚಾಕುವಿಗೆ ಈ ಕಪ್ಪು ಹಿಡಿಯಲ್ಲ, ಅದರೊಳಗಿನ ಕ್ರೋಮಿಯಂ ಬಿಡಲ್ಲ.

“ತಾತ, ನಿಂಗಿದು ಹೆಂಗೆ ಗೊತ್ತು?” ಅಂತ ಹುಡುಗ ಕೇಳಿದ. ಅಪ್ಪ ಉತ್ತರ ಹೇಳಲಿಲ್ಲ. ಒಳಗೆ ಹೋಗಿ ಅಟ್ಟದ ಮೇಲಿನ ಗೋಣಿಚೀಲದಿಂದ ರಂಪಿಗೆ ತಂದು ಮುಂದಿಟ್ಟ. ಚರ್ಮ ಕೊಯ್ಯೋ ಚಾಕು, ನಮ್ಮ ಮಾದಿಗರ ಕೇರಿಯ ಮನೆಮನೆಯಲ್ಲೂ ಇದ್ದದ್ದು.

ತಂಗಡಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಹಸಿ ಚರ್ಮಕ್ಕೆ ಕಬ್ಬಿಣ ತಾಕಿದರೆ ಕಪ್ಪು ಕಲೆ ಬೀಳುತ್ತೆ. ಅದಕ್ಕೇ ಚರ್ಮ ನೆನೆಸೋ ಕಡೆ ಕಬ್ಬಿಣದ ಬೋಗುಣಿ ಇಡ್ತಿರಲಿಲ್ಲ. ಅದೇ ರಸ ದಿನಾ ಕುಡಿದು ಕುಡಿದು ರಂಪಿಗೆ ಕಪ್ಪಾಗೋದು. ತೊಗಟೆಯಲ್ಲೂ ಟೀಯಲ್ಲೂ ಇರೋದು ಟ್ಯಾನಿನ್. ಅದು ಕಬ್ಬಿಣದ ಜೊತೆ ಕೂಡಿದರೆ ಕಪ್ಪು. ಶ್ರೀಕಾಳಹಸ್ತಿಯ ಕಲಂಕಾರಿ ಬಟ್ಟೆಯ ಕಪ್ಪು ಗೆರೆಯೂ ಇದೇ: ಅಳಲೆಕಾಯಿ ರಸ ಕುಡಿಸಿದ ಬಟ್ಟೆ, ಅದರ ಮೇಲೆ ಕಬ್ಬಿಣದ ಚೂರು ಬೆಲ್ಲದ ನೀರಲ್ಲಿ ನೆನೆಸಿದ ರಸ.

ಈಗ ನನ್ನ ತಪ್ಪು ಹೇಳ್ತೀನಿ. ಆರನೇ ಕ್ಲಾಸಿನಲ್ಲಿ ಕ್ರಾಫ್ಟ್ ಪೀರಿಯಡ್ಡಿಗೆ ರಟ್ಟು ಕತ್ತರಿಸೋಕೆ ಚಾಕು ತನ್ನಿ ಅಂದಿದ್ದರು. ನಾನು ಈ ರಂಪಿಗೆ ಒಯ್ದೆ. ಮೇಷ್ಟ್ರು ಅದನ್ನ ಕೈಯಲ್ಲಿ ಮುಟ್ಟಲಿಲ್ಲ, ಬೆತ್ತದ ತುದಿಯಿಂದ ಮೇಜಿನ ಕೆಳಗೆ ತಳ್ಳಿದರು. ಬೈಯಲೂ ಇಲ್ಲ. ಅವತ್ತು ಸಂಜೆ ಇಟ್ಟಿಗೆಪುಡಿ ಹಾಕಿ ಅಳ್ತಾ ಅಳ್ತಾ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಅಪ್ಪ ನೋಡಿ, “ಅಯ್ಯೋ ಕೂಸೆ, ಇನ್ನು ತುಕ್ಕು ಹಿಡೀತದೆ” ಅಂದ ಅಷ್ಟೆ. ಮಳೆಗಾಲದ ಹೊತ್ತಿಗೆ ಕೆಂಪು ತುಕ್ಕು ಹತ್ತಿತು. ಆ ಕಪ್ಪು ಪದರ, ಮೇಲೊಂದಿಷ್ಟು ಎಣ್ಣೆ, ಅಷ್ಟು ವರ್ಷ ಅದನ್ನ ಕಾಯ್ತಿತ್ತು. ಅಲಗಿನ ಬುಡದಲ್ಲಿ ಆ ಗುಳಿಗಳು ಈಗಲೂ ಇವೆ.

ಫ್ರಾನ್ಸಿಸ್ ಬುಕಾನನ್ ಅನ್ನೋ ಕಂಪನಿ ಸರ್ಕಾರದ ವೈದ್ಯ 1800ರಲ್ಲಿ, ಟಿಪ್ಪು ಮಡಿದ ಮರುವರ್ಷ, ನಮ್ಮ ಸೀಮೆ ಸುತ್ತಿದ. ಮಾಗಡಿ ಕಡೆ ಕಬ್ಬಿಣ ಕರಗಿಸೋದನ್ನ ಬರೆದ. ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯೋದನ್ನ ಬರೆದ. ಮಾದಿಗರು ತಂಗಡಿ ತೊಗಟೆಯಲ್ಲಿ ಚರ್ಮ ಹದ ಮಾಡೋದನ್ನೂ ಬರೆದ. 1807ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಆಯ್ತು. ಅವನೇನು ನಮ್ಮ ಬಂಧು ಅಲ್ಲ, ಗೆದ್ದ ಸೀಮೆಯಲ್ಲಿ ಏನೇನು ಸಿಗುತ್ತೆ ಅಂತ ಲೆಕ್ಕ ಹಾಕೋಕೆ ಬಂದವನು. ಆದರೂ ಕೇಳಿ ಬರ್ಕೊಂಡ. ಪಕ್ಕದ ಬೀದಿಯವರು ಎಷ್ಟು ತಲೆಮಾರು ನಮ್ಮ ಕೈಯ ಚಪ್ಪಲಿ ಮೆಟ್ಟಿ ನಡೆದರು, ಹೇಗೆ ಮಾಡ್ತೀಯ ಅಂತ ಒಬ್ಬರಾದರೂ ಕೇಳಿದರಾ? (ಆ ಕಾಲದ ಯುರೋಪಿನ ಬರವಣಿಗೆಯ ಮಸಿಯೂ ಟ್ಯಾನಿನ್ನು ಕಬ್ಬಿಣ ಕೂಡಿಸಿದ್ದೇ. ನಮ್ಮ ರಂಪಿಗೆಯ ಕಪ್ಪೇ ಕಾಗದದ ಮೇಲೆ ಹೋದರೆ ಅಕ್ಷರ!)

ಇದನ್ನ ಓದಿ ಯಾರೋ ಬಂದು “ಹಾಗಾದ್ರೆ ಕುಲಕಸುಬು ಉಳಿಸಿ” ಅಂತ ಶುರು ಮಾಡ್ತಾರೆ, ಗೊತ್ತು. ಬೇಡ ಸ್ವಾಮಿ. 2023ರ ಸೆಪ್ಟೆಂಬರಿನಲ್ಲಿ ಬಂದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಇದೆ, ಚಮ್ಮಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿವರೆಗೆ ಕೊಡ್ತಾರೆ. ಇವತ್ತಿಗೂ ಅದೇ ಕೆಲಸ ಮಾಡ್ತಿರೋರು ತಗೊಳ್ಳಲಿ, ಅವರ ಹಕ್ಕು. ಆದರೆ ಮನೆತನದ ಕಸುಬು ಅನ್ನೋ ಭಾಷೆಯಲ್ಲೇ ಅದು ಮಾತಾಡುತ್ತೆ, ನನ್ನ ತಕರಾರು ಅಲ್ಲಿ. ತಮಿಳುನಾಡು ಸರ್ಕಾರ ಇದೇ ಕಾರಣಕ್ಕೆ ಅದನ್ನ ಬೇಡ ಅಂದು, ಜಾತಿಯ ಗೊಡವೆ ಇಲ್ಲದ ಬೇರೆ ಯೋಜನೆ ತಂತು. ನನ್ನ ಮಗಳು ರಂಪಿಗೆ ಹಿಡಿಯಬೇಕಾಗಿಲ್ಲ. ಆದರೆ ಹೈಸ್ಕೂಲಿನಲ್ಲಿ ತುಕ್ಕಿನ ಪಾಠ ಮಾಡುವಾಗ, ಒಂದು ಮೊಳೆ, ಒಂದು ಲೋಟ ಅಳಲೆಕಾಯಿ ರಸ ಇಟ್ಟು, ಇದನ್ನ ಮಾದಿಗರು ಕೈಯಾರೆ ಮಾಡಿ ತಿಳಿದಿದ್ದರು ಅಂತ ಮೇಷ್ಟ್ರು ಹೇಳಬೇಕು. ಎಲ್ಲ ಮಕ್ಕಳ ಮುಂದೆ, ರಂಪಿಗೆಯನ್ನ ಕೈಯಲ್ಲಿ ಹಿಡಿದು.

ಅದೇ ಕಪ್ಪು ಅಲಗು ಫ್ಲ್ಯಾಟಿನಲ್ಲಿರೋನ ಕೈಯಲ್ಲಿದ್ದರೆ ಹವ್ಯಾಸ, ಫೋಟೋ, ಸಾವಿರ ಲೈಕು. ಹವ್ಯಾಸದ ಮೇಲೆ ನನಗೆ ಸಿಟ್ಟಿಲ್ಲ, ನಮ್ಮ ಹುಡುಗನಿಗೂ ಅದೇ ಹುಚ್ಚು. ಎಲ್ಲಿಂದ ಬಂತು ಅಂತ ಒಂದು ಸಾಲು ಬರೀರಿ, ಅಷ್ಟೆ.

ನಮ್ಮವರಿಗೆ ಒಂದು ಮಾತು. ಅಟ್ಟದ ಮೇಲೆ, ಹಳೇ ಟ್ರಂಕಿನಲ್ಲಿ ರಂಪಿಗೆ, ಉಳಿ ಇದ್ದರೆ ತಿಕ್ಕಿ ಬೆಳ್ಳಗೆ ಮಾಡಬೇಡಿ, ಗುಜರಿಗೂ ಹಾಕಬೇಡಿ. ಒಣಬಟ್ಟೆಯಲ್ಲಿ ಒರೆಸಿ, ಎಣ್ಣೆ ಸವರಿ. ಯಾರ ಕೈಯಲ್ಲಿತ್ತು, ಯಾವ ಕುಲುಮೆಯದು ಅಂತ ಮನೆಯ ಹಿರಿಯರನ್ನ ಕೇಳಿ ಬರ್ಕೊಳ್ಳಿ, ಫೋಟೋ ಜೊತೆ ಕಾಮೆಂಟಿನಲ್ಲಿ ಹಾಕಿ. ನಮ್ಮ ತಾತನದು ಮೊದಲನೇ ಕಾಮೆಂಟಿನಲ್ಲಿದೆ, ಗುಳಿಗಳ ಸಮೇತ.