ಗೆದ್ದವರನ್ನು ಮತ್ತೆ ಆರಿಸಬೇಕೆ?



2023ರ ಡಿಸೆಂಬರ್ 3, ಭಾನುವಾರ. ನಾನು ಆಗ ಫ್ಲೋರಿಡಾದಲ್ಲಿ ಮಗಳ ಮನೆಯಲ್ಲಿದ್ದೆ. ಮೊಮ್ಮಗ ದೂರದರ್ಶನದ ಮುಂದೆ ಕುಳಿತವನು ಎದ್ದಿರಲಿಲ್ಲ. ಅಮೆರಿಕದ ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಚಾಂಪಿಯನ್ ಪಟ್ಟಕ್ಕಾಗಿ ಸೆಣಸುವ ನಾಲ್ಕು ತಂಡಗಳ ಹೆಸರನ್ನು ಅಂದು ಸಮಿತಿಯೊಂದು ಪ್ರಕಟಿಸುವುದಿತ್ತು. ಅವನ ಮೆಚ್ಚಿನ ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಆ ಋತುವಿನ ಹದಿಮೂರಕ್ಕೆ ಹದಿಮೂರು ಪಂದ್ಯಗಳನ್ನೂ ಗೆದ್ದಿತ್ತು. ಪಟ್ಟಿ ಬಂದಾಗ ಆ ತಂಡಕ್ಕೆ ದೊರೆತದ್ದು ಐದನೆಯ ಸ್ಥಾನ. ಒಂದೊಂದು ಪಂದ್ಯ ಸೋತಿದ್ದ ಟೆಕ್ಸಸ್ ಮತ್ತು ಅಲಬಾಮಾ ತಂಡಗಳು ಒಳಗೆ, ಒಂದನ್ನೂ ಸೋಲದವರು ಹೊರಗೆ! ಮೊಮ್ಮಗ ನನ್ನ ಕಡೆ ತಿರುಗಿ, "ತಾತ, ಎಲ್ಲ ಪಂದ್ಯಗಳನ್ನೂ ಗೆದ್ದ ಮೇಲೆ ಅವರು ಇನ್ನೇನು ಮಾಡಬೇಕಾಗಿತ್ತು?" ಎಂದು ಕೇಳಿದ. ಮೂರು ದಶಕಗಳಿಗೂ ಮಿಕ್ಕಿ ಮಕ್ಕಳ ಪ್ರಶ್ನೆಗಳಿಗೆ ಉತ್ತರ ಹೇಳಿದ ನನ್ನಲ್ಲಿ ಅಂದು ಉತ್ತರವಿರಲಿಲ್ಲ.

ಮೊನ್ನೆ ಅಮೆರಿಕದಲ್ಲೇ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಮಾತನಾಡುತ್ತಾ, "ಸರ್, ಆ ವಾದವಿವಾದವೇ ಈ ಆಟದ ಸೊಗಸು. ಅದನ್ನು ತೆಗೆದರೆ ಉಳಿಯುವುದೇನು?" ಎಂದ. ಆತನ ಮೇಲಿನ ಪ್ರೀತಿಗೆ ಕುಂದಿಲ್ಲ. ಆದರೆ ಆ ಮಾತನ್ನು ನಾನು ಒಪ್ಪಲಾರೆ. ಈ ಬರಹ ಆತನಿಗೆ ನನ್ನ ಉತ್ತರ.

ಮೊದಲು ಹಿನ್ನೆಲೆಯನ್ನು ಹೇಳಬೇಕು. ಅಮೆರಿಕದ ಮೊದಲ ಕಾಲೇಜು ಫುಟ್‌ಬಾಲ್ ಪಂದ್ಯ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ 1869ರಲ್ಲಿ ನಡೆಯಿತು. ಇಂದು ಅತ್ಯುನ್ನತ ವಿಭಾಗದಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಮೈಮುರಿಯುವ ಆಟವಾದ್ದರಿಂದ ವಾರಕ್ಕೊಂದು ಪಂದ್ಯ. ಸಾಮಾನ್ಯ ಋತುವಿನಲ್ಲಿ ತಂಡವೊಂದು ಆಡುವುದು ಹನ್ನೆರಡು ಪಂದ್ಯಗಳನ್ನು ಮಾತ್ರ. ಎಲ್ಲರೂ ಎಲ್ಲರೊಡನೆ ಆಡುವುದು ಅಸಾಧ್ಯ. ಹಾಗಾದರೆ ದೇಶಕ್ಕೇ ಶ್ರೇಷ್ಠರು ಯಾರು? ನಿಯಮಬದ್ಧವಾದ ಸ್ಪರ್ಧೆಯೊಂದನ್ನು ರೂಪಿಸುವುದು ಇದಕ್ಕೆ ನೇರವಾದ ಪರಿಹಾರ. ಆದರೆ ಅಲ್ಲಿನವರು ಬಹುಕಾಲ ಮಾಡಿದ್ದು ಅದನ್ನಲ್ಲ. ಅವರು ಅಭಿಪ್ರಾಯ ಕೇಳಿದರು!

1926ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಫ್ರಾಂಕ್ ಡಿಕಿನ್ಸನ್ ತಮ್ಮದೇ ಗಣಿತ ಸೂತ್ರದಿಂದ ತಂಡಗಳಿಗೆ ಅಂಕ ಕೊಡತೊಡಗಿದರು. ನೋಟ್ರ ಡೇಮ್ ತಂಡದ ಖ್ಯಾತ ತರಬೇತುದಾರ ನ್ಯೂಟ್ ರಾಕ್ನಿ ಅವರ ಒತ್ತಾಯದಿಂದ ಆ ಸೂತ್ರವನ್ನು ಎರಡು ವರ್ಷ ಹಿಂದಕ್ಕೂ ಅನ್ವಯಿಸಲಾಯಿತು. 1924ರ ಪಟ್ಟ ನೋಟ್ರ ಡೇಮ್ ಪಾಲಾಯಿತು. ಫಲಿತಾಂಶ ಗೊತ್ತಿದ್ದ ಮೇಲೆ ಪರೀಕ್ಷೆಯ ನಿಯಮ ಬರೆಯುವುದೆಂದರೆ ಇದೇ ಅಲ್ಲವೆ?

1936ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪತ್ರಕರ್ತರ ಮತದಾನವನ್ನು ಆರಂಭಿಸಿತು. ಆ ವರ್ಷ ಪ್ರಥಮ ಸ್ಥಾನ ಪಡೆದದ್ದು ಮಿನೆಸೋಟಾ. ಅದೇ ಋತುವಿನಲ್ಲಿ ಮಿನೆಸೋಟಾವನ್ನು 6–0ರಿಂದ ಸೋಲಿಸಿ, ಇಬ್ಬರೂ ಸೇರಿದ್ದ ಬಿಗ್ ಟೆನ್ ಒಕ್ಕೂಟದ ಪ್ರಶಸ್ತಿಯನ್ನು ಗೆದ್ದಿದ್ದ ನಾರ್ತ್‌ವೆಸ್ಟರ್ನ್ ತಂಡ ತನ್ನ ಏಕೈಕ ಸೋಲಿಗಾಗಿ ಏಳನೆಯ ಸ್ಥಾನಕ್ಕೆ ಕುಸಿಯಿತು. ಮಿನೆಸೋಟಾ ಕೂಡ ಒಂದೇ ಪಂದ್ಯ ಸೋತಿತ್ತೆಂಬುದನ್ನು ಗಮನಿಸಿ! 1950ರಲ್ಲಿ ಯುನೈಟೆಡ್ ಪ್ರೆಸ್ ಸಂಸ್ಥೆ ತರಬೇತುದಾರರ ಮತದಾನವನ್ನು ತಂದಿತು. ತನ್ನ ಮಗನ ಉತ್ತರ ಪತ್ರಿಕೆಗೆ ತಾನೇ ಅಂಕ ಕೊಡುವ ಮೇಷ್ಟರನ್ನು ನಾವು ಏನೆನ್ನುತ್ತೇವೆ? ಅಲ್ಲಿ ತರಬೇತುದಾರರು ತಮ್ಮ ತಂಡಕ್ಕೆ ತಾವೇ ಮತ ಹಾಕಬಹುದು.

ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೊಂದಿದೆ. ಋತುವಿನ ಕೊನೆಗೆ, ಹೊಸ ವರ್ಷದ ಆಸುಪಾಸಿನಲ್ಲಿ, ಬಲಿಷ್ಠ ತಂಡಗಳು ಪರಸ್ಪರ ಆಡುವ 'ಬೌಲ್' ಪಂದ್ಯಗಳು ನಡೆಯುತ್ತವೆ. ಬಹುಕಾಲ ಈ ಪಂದ್ಯಗಳಿಗೆ ಮೊದಲೇ ಅಂತಿಮ ಮತ ಎಣಿಸಿ ಪಟ್ಟ ಕಟ್ಟಲಾಗುತ್ತಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವುದೆಂದರೆ ಇದು. 1964ರಲ್ಲಿ ಎರಡೂ ಮತದಾನಗಳು ಅಲಬಾಮಾವನ್ನು ಚಾಂಪಿಯನ್ ಎಂದು ಸಾರಿದವು. ಆಮೇಲೆ ಆರೆಂಜ್ ಬೌಲ್‌ನಲ್ಲಿ ಅಲಬಾಮಾ ಟೆಕ್ಸಸ್‌ಗೆ ಸೋತಿತು. ಆ ಟೆಕ್ಸಸ್ ತಂಡವನ್ನು ಅದೇ ಋತುವಿನಲ್ಲಿ ಸೋಲಿಸಿದ್ದ ಅರ್ಕನ್ಸಾ ಕಾಟನ್ ಬೌಲನ್ನೂ ಗೆದ್ದು ಅಜೇಯವಾಗಿ ಉಳಿಯಿತು. ಆದರೂ ಆ ಎರಡು ಪಟ್ಟಿಗಳಲ್ಲಿ ಅಲಬಾಮಾವೇ ಮೊದಲು! ಪತ್ರಕರ್ತರು 1968ರಿಂದ ಬೌಲ್ ಪಂದ್ಯಗಳ ನಂತರವೇ ಮತ ಎಣಿಸುವ ಪದ್ಧತಿಗೆ ಖಾಯಂ ಆಗಿ ಬಂದರು. ತರಬೇತುದಾರರಿಗೆ ಬುದ್ಧಿ ಬರಲು ಇನ್ನೂ ಆರು ವರ್ಷ ಬೇಕಾಯಿತು. 1973ರಲ್ಲಿ ಅವರು ಪಟ್ಟ ಕಟ್ಟಿದ ಅಲಬಾಮಾ ಷುಗರ್ ಬೌಲ್‌ನಲ್ಲಿ ನೋಟ್ರ ಡೇಮ್‌ಗೆ 24–23ರಿಂದ ಸೋತ ಮೇಲೆಯೇ ಅವರ ಕಣ್ಣು ತೆರೆದದ್ದು.

ನೇರವಾಗಿ ಆಡಿ ತೀರ್ಮಾನಿಸಬಾರದಿತ್ತೆ ಎಂದು ನೀವು ಕೇಳಬಹುದು. ಬೌಲ್ ಪಂದ್ಯಗಳಿಗೆ ಆಯಾ ಊರಿನ ಪ್ರವಾಸೋದ್ಯಮದ ಹಿತವಿತ್ತು, ಒಕ್ಕೂಟಗಳೊಡನೆ ಒಪ್ಪಂದಗಳಿದ್ದವು, ಅದರ ಹಿಂದೆ ಹಣವಿತ್ತು. 1997ರಲ್ಲಿ ಮಿಷಿಗನ್ ಮತ್ತು ನೆಬ್ರಾಸ್ಕ ಎರಡೂ ಅಜೇಯ ತಂಡಗಳು. ಬಿಗ್ ಟೆನ್ ಒಕ್ಕೂಟದ ವಿಜೇತರು ರೋಸ್ ಬೌಲ್‌ಗೇ ಹೋಗಬೇಕೆಂಬ ಒಪ್ಪಂದವಿದ್ದ ಕಾರಣ ಮಿಷಿಗನ್ ಅತ್ತ ಹೋಯಿತು, ನೆಬ್ರಾಸ್ಕ ಇತ್ತ ಹೋಯಿತು, ಇಬ್ಬರೂ ಗೆದ್ದರು. ಪತ್ರಕರ್ತರು ಒಬ್ಬರಿಗೆ, ತರಬೇತುದಾರರು ಇನ್ನೊಬ್ಬರಿಗೆ ಪಟ್ಟ ಹಂಚಿದರು.

ಈ ಗೊಂದಲವನ್ನು ನಿವಾರಿಸಲೆಂದು 1998ರಲ್ಲಿ ಬಿಸಿಎಸ್ ಎಂಬ ವ್ಯವಸ್ಥೆ ಬಂದಿತು. ಮತದಾನ ಮತ್ತು ಗಣಕಯಂತ್ರಗಳ ಲೆಕ್ಕ ಎರಡನ್ನೂ ಬೆರೆಸಿ ಇಬ್ಬರನ್ನು ಆರಿಸಿ ಅಂತಿಮ ಪಂದ್ಯ ಆಡಿಸುವುದು ಅದರ ಕ್ರಮ. ಗಣಿತದ ಮೇಷ್ಟರಾದ ನನಗೆ ಇದು ಹಿಡಿಸಬೇಕಾಗಿತ್ತು. ಆದರೆ ಆ ಗಣಕ ಸೂತ್ರಗಳಲ್ಲಿ ಬಹುತೇಕವನ್ನು ಪೂರ್ಣವಾಗಿ ಬಹಿರಂಗಪಡಿಸಿರಲಿಲ್ಲ. ಹಂತಗಳನ್ನು ತೋರಿಸದೆ ಉತ್ತರ ಮಾತ್ರ ಬರೆದವನಿಗೆ ನಾನೆಂದೂ ಪೂರ್ಣಾಂಕ ಕೊಟ್ಟವನಲ್ಲ ಎಂಬುದು ನಿಮಗೆಲ್ಲ ನೆನಪಿದೆ! 2003ರಲ್ಲಿ ಎರಡೂ ಮತದಾನಗಳಲ್ಲಿ ಮೊದಲ ಸ್ಥಾನದಲ್ಲಿದ್ದ ಸದರ್ನ್ ಕ್ಯಾಲಿಫೋರ್ನಿಯಾ ತಂಡಕ್ಕೆ ಅಂತಿಮ ಪಂದ್ಯದಲ್ಲಿ ಸ್ಥಾನ ಸಿಗಲಿಲ್ಲ. ಮರುವರ್ಷ ಆಬರ್ನ್ ಎಲ್ಲ ಪಂದ್ಯಗಳನ್ನೂ ಗೆದ್ದು ಹೊರಗುಳಿಯಿತು.

2014ರಿಂದ ನಾಲ್ಕು ತಂಡಗಳ ಪ್ಲೇಆಫ್ ಬಂದಿತು; ಆರಿಸುವವರು ಹದಿಮೂರು ಮಂದಿಯ ಸಮಿತಿ. 2017ರಲ್ಲಿ ಸೆಂಟ್ರಲ್ ಫ್ಲೋರಿಡಾ ತಂಡ ಅಜೇಯವಾಗಿದ್ದರೂ ಸಮಿತಿ ಅದಕ್ಕೆ ಕೊಟ್ಟದ್ದು ಹನ್ನೆರಡನೆಯ ಸ್ಥಾನ. ಆ ತಂಡ ಪೀಚ್ ಬೌಲ್‌ನಲ್ಲಿ ಆಬರ್ನ್ ತಂಡವನ್ನು ಸೋಲಿಸಿತು. ಅಂತಿಮ ಪಂದ್ಯ ಆಡಿದ ಅಲಬಾಮಾ ಮತ್ತು ಜಾರ್ಜಿಯಾ ಎರಡನ್ನೂ ಅದೇ ಋತುವಿನಲ್ಲಿ ಒಮ್ಮೊಮ್ಮೆ ಸೋಲಿಸಿದ್ದ ತಂಡ ಆ ಆಬರ್ನ್! ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಇನ್ನು ಮೊಮ್ಮಗನ ಪ್ರಶ್ನೆಗೆ ಬರೋಣ. ಫ್ಲೋರಿಡಾ ಸ್ಟೇಟ್ ತಂಡದ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ನವೆಂಬರ್‌ನಲ್ಲಿ ಕಾಲು ಮುರಿದುಕೊಂಡಿದ್ದ. ಆತನಿಲ್ಲದ ತಂಡ ಮೊದಲಿನ ತಂಡವಲ್ಲ ಎಂಬುದು ಸಮಿತಿಯ ಕಾರಣ. ಆತನಿಲ್ಲದೆಯೇ ಆ ತಂಡ ಫ್ಲೋರಿಡಾ ವಿಶ್ವವಿದ್ಯಾಲಯವನ್ನೂ, ಒಕ್ಕೂಟದ ಅಂತಿಮ ಪಂದ್ಯದಲ್ಲಿ ಲೂಯಿವಿಲ್ ತಂಡವನ್ನೂ ಸೋಲಿಸಿತ್ತಲ್ಲ? ಪಟ್ಟಿ ಪ್ರಕಟವಾದ ದಿನ ಆ ಹುಡುಗ, ತನ್ನ ಕಾಲು ಇನ್ನೂ ಮುಂಚೆಯೇ ಮುರಿದಿದ್ದರೆ ಚೆನ್ನಾಗಿತ್ತು, ಈ ತಂಡವೆಂದರೆ ನಾನೊಬ್ಬನೇ ಅಲ್ಲವೆಂದು ಎಲ್ಲರಿಗೂ ತಿಳಿಯುತ್ತಿತ್ತು ಎಂಬರ್ಥದಲ್ಲಿ ಬರೆದುಕೊಂಡ. ಅದನ್ನು ಓದಿ ನನ್ನ ಮನಸ್ಸು ಕಲಕಿತು. ತನ್ನ ಮೂಳೆ ಮುರಿದದ್ದಕ್ಕೆ ಗೆಳೆಯರ ಕ್ಷಮೆ ಬೇಡುವ ಸ್ಥಿತಿಗೆ ಒಬ್ಬ ವಿದ್ಯಾರ್ಥಿಯನ್ನು ತಂದ ವ್ಯವಸ್ಥೆಯನ್ನು 'ಸೊಗಸು' ಎನ್ನಬಹುದೆ?

ಆಮೇಲೆ ಆ ತಂಡ ಆರೆಂಜ್ ಬೌಲ್‌ನಲ್ಲಿ ಜಾರ್ಜಿಯಾಗೆ 63–3ರಿಂದ ಸೋತದ್ದನ್ನು ಎತ್ತಿ ತೋರಿಸಿ, ಸಮಿತಿಯ ನಿರ್ಧಾರ ಸರಿಯೆಂದು ವಾದಿಸುವವರಿದ್ದಾರೆ. ಪಟ್ಟದ ಆಸೆ ಕಮರಿದ ಮೇಲೆ ಅನೇಕ ಪ್ರಮುಖ ಆಟಗಾರರು ಆ ಪಂದ್ಯ ಆಡಲೇ ಇಲ್ಲ. ಅದಿರಲಿ. ಸಮಿತಿ ಅಳೆಯಬೇಕಾಗಿದ್ದದ್ದು ಮಾಡಿ ಮುಗಿಸಿದ ಸಾಧನೆಯನ್ನು, ಮುಂದೆ ಆಗಬಹುದಾದುದನ್ನಲ್ಲ. ಬರೆದ ಉತ್ತರಕ್ಕೆ ಅಂಕ ಕೊಡುವವನು ಪರೀಕ್ಷಕ. ಮುಂದಿನ ವರ್ಷ ಇವನು ಹೇಗೆ ಬರೆದಾನೆಂದು ಊಹಿಸಿ ಅಂಕ ಕಳೆಯುವವನು ಜ್ಯೋತಿಷಿ.

ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನಕ್ಕೆ ಕುಳಿತ ಅನುಭವದಿಂದ ಹೇಳುತ್ತೇನೆ, ಮನುಷ್ಯನ ವಿವೇಚನೆಯನ್ನು ಪೂರ್ತಿ ಹೊರಗಿಡಲಾಗದು. ಆದರೆ ನಮ್ಮ ಮುಂದಿದ್ದ ಉತ್ತರ ಪತ್ರಿಕೆಯ ಮೇಲೆ ಹುಡುಗನ ಹೆಸರಿರಲಿಲ್ಲ, ಶಾಲೆಯ ಹೆಸರಿರಲಿಲ್ಲ. ಅಲ್ಲಿಯ ಸಮಿತಿಯ ಕಣ್ಣಿಗೆ ಮೊದಲು ಬೀಳುವುದೇ ಹೆಸರು.

ನನ್ನ ವಿದ್ಯಾರ್ಥಿ ಮೆಚ್ಚುವ ಆ ವಾದವಿವಾದವಾದರೂ ತಾನಾಗಿ ಹುಟ್ಟಿದ್ದಲ್ಲ. ಪತ್ರಕರ್ತರ ಮತದಾನವನ್ನು ರೂಪಿಸಿದ ಅಲನ್ ಗೌಲ್ಡ್ ಅವರೇ, ಒಂದು ಶನಿವಾರದ ಪಂದ್ಯಕ್ಕೂ ಮುಂದಿನ ಶನಿವಾರದ ಪಂದ್ಯಕ್ಕೂ ನಡುವೆ ಕುತೂಹಲವನ್ನೂ ವಿವಾದವನ್ನೂ ಹುಟ್ಟಿಸುವುದು ತಮ್ಮ ಉದ್ದೇಶವಾಗಿತ್ತೆಂದು ಮುಂದೆ ಒಪ್ಪಿಕೊಂಡಿದ್ದಾರೆ. ಪತ್ರಿಕೆಯ ಪುಟ ತುಂಬಿಸುವ ಉಪಾಯವನ್ನು ಪರಂಪರೆಯೆಂದು ಪೂಜಿಸಬೇಕಿಲ್ಲ.

ಬೇರೆ ದಾರಿಯೇ ಇರಲಿಲ್ಲವೆನ್ನುವಂತೆಯೂ ಇಲ್ಲ. ಕಾಲೇಜು ಕ್ರೀಡೆಗಳ ಮುಖ್ಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ 1939ರಿಂದಲೇ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ನಡೆಸುತ್ತಿದೆ. ಫುಟ್‌ಬಾಲಿನ ಕೆಳಗಿನ ವಿಭಾಗಗಳಲ್ಲಿ 1973ರಿಂದಲೇ ಪ್ಲೇಆಫ್ ಇದೆ. ಅತ್ಯುನ್ನತ ವಿಭಾಗಕ್ಕೆ ಮಾತ್ರ ಅದು ಇಂದಿಗೂ ತನ್ನದೆಂಬ ಚಾಂಪಿಯನ್ ಪಟ್ಟವನ್ನು ಕೊಡುವುದಿಲ್ಲ. ದೀಪದ ಬುಡದಲ್ಲೇ ಕತ್ತಲೆ!

2024ರ ಋತುವಿನಿಂದ ಹನ್ನೆರಡು ತಂಡಗಳಿಗೆ ಅವಕಾಶ ದೊರೆತಿದೆ, ಅವುಗಳಲ್ಲಿ ಐದು ಸ್ಥಾನ ಒಕ್ಕೂಟಗಳ ವಿಜೇತರಿಗೆ ಮೀಸಲು. ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಉಳಿದ ಏಳು ಸ್ಥಾನಗಳು ಇನ್ನೂ ಸಮಿತಿಯ ಕೈಯಲ್ಲಿವೆ. 2025ರ ಋತುವಿನ ಮೊದಲ ಪಂದ್ಯದಲ್ಲೇ ಮಯಾಮಿ ನೋಟ್ರ ಡೇಮ್ ತಂಡವನ್ನು ಸೋಲಿಸಿತ್ತು. ಆದರೂ ಸಮಿತಿ ವಾರಗಟ್ಟಲೆ ನೋಟ್ರ ಡೇಮ್ ತಂಡವನ್ನೇ ಮೇಲಿಟ್ಟು, ಕೊನೆಯ ದಿನ ಮನಸ್ಸು ಬದಲಿಸಿತು. ಹಾಗೆ ಒಳಬಂದ ಮಯಾಮಿ ಅಂತಿಮ ಪಂದ್ಯದವರೆಗೂ ಹೋಯಿತು! ಅಲ್ಲಿ ಅದನ್ನು ಸೋಲಿಸಿ ಪಟ್ಟವೇರಿದ್ದು, ದಶಕಗಳ ಕಾಲ ಸೋಲಿಗೇ ಹೆಸರಾಗಿದ್ದ ಇಂಡಿಯಾನಾ. ಬಾಗಿಲು ತೆರೆದಿಟ್ಟರೆ ಮೈದಾನ ತಾನೇ ಮಾತನಾಡುತ್ತದೆ ಎನ್ನಲು ಇನ್ನೇನು ಸಾಕ್ಷಿ ಬೇಕು?

ನನ್ನ ನಿಲುವು ಇಷ್ಟೆ. ಋತು ಆರಂಭವಾಗುವ ಮುನ್ನವೇ ನಿಯಮವನ್ನು ಬರೆದು ಗೋಡೆಗೆ ಅಂಟಿಸಬೇಕು. ಏನು ಮಾಡಿದರೆ ಒಳಗೆ ಬರಬಹುದೆಂಬುದು ಕೊನೆಯ ಸಾಲಿನ ಹುಡುಗನಿಗೂ ಮೊದಲ ದಿನವೇ ತಿಳಿದಿರಬೇಕು. ಅದನ್ನು ಮಾಡಿದವನನ್ನು ಯಾರೂ, ಯಾವ ಕಾರಣಕ್ಕೂ ಹೊರಗೆ ನಿಲ್ಲಿಸಬಾರದು. ಮೊಮ್ಮಗನ ಪ್ರಶ್ನೆಗೆ ಅಂದು ಹೇಳಲಾಗದಿದ್ದ ಉತ್ತರ ಈಗ ನನ್ನಲ್ಲಿದೆ. ಮಗೂ, ಅವರು ಮಾಡಬೇಕಾದುದನ್ನೆಲ್ಲ ಮಾಡಿದ್ದರು. ಮಾಡದೆ ಉಳಿಸಿದವರು ದೊಡ್ಡವರು.

ನನ್ನ ಮಾತನ್ನು ಒಪ್ಪದವರು ಧಾರಾಳವಾಗಿ ಬರೆಯಿರಿ. ತರಗತಿಯಲ್ಲಿದ್ದಂತೆ ಇಲ್ಲಿಯೂ ಎದುರು ಮಾತನಾಡಿದವರಿಗೆ ನಾನು ಅಂಕ ಕಳೆಯುವುದಿಲ್ಲ.