ಬಸುರಿಯ ಕಾಲೂತ: ತಪ್ಪು ಉಪ್ಪಿನದಲ್ಲ

ನಮ್ಮ ಮನೆಗಳಲ್ಲಿ ಬಸುರಿಯ ಪಾದಗಳು ಊದಿಕೊಂಡ ದಿನವೇ ಆಕೆಯ ತಟ್ಟೆಯಿಂದ ಉಪ್ಪು ಕಣ್ಮರೆಯಾಗುತ್ತದೆ. ಊರಿನಲ್ಲಿರುವ ತಾಯಿಯೋ ಅತ್ತೆಯೋ ವಿಡಿಯೊ ಕರೆಯಲ್ಲಿ ಕಾಲುಗಳನ್ನು ನೋಡಿ, "ನೀರು ತುಂಬಿಕೊಂಡಿದೆ ಕಣೇ, ಇನ್ನು ಉಪ್ಪು ಮುಟ್ಟಬೇಡ, ಬಾರ್ಲಿ ನೀರು ಕುಡಿ" ಎಂದು ಎಚ್ಚರಿಸುತ್ತಾರೆ. ಬಯಕೆಯಿಂದ ತರಿಸಿಕೊಂಡ ಉಪ್ಪಿನಕಾಯಿಯ ಜಾಡಿ ಮೇಲಿನ ಕಪಾಟು ಸೇರುತ್ತದೆ, ಸಾರು ಸಪ್ಪೆಯಾಗುತ್ತದೆ. ಎರಡು ದಿನಗಳಲ್ಲಿ ಊತ ತುಸು ಇಳಿದರೆ ಅದು ಉಪ್ಪು ಬಿಟ್ಟುದರ ಫಲವೆಂದು ಎಲ್ಲರೂ ನೆಮ್ಮದಿಗೊಳ್ಳುತ್ತಾರೆ. ಇಳಿಯದಿದ್ದರೆ, ಎಲ್ಲೋ ಕದ್ದು ಉಪ್ಪು ತಿಂದಿರಬೇಕೆಂಬ ಶಂಕೆ ಬಸುರಿಯ ಮೇಲೆಯೇ ಮೂಡುತ್ತದೆ.

ಈ ಸಲಹೆಯ ಹಿಂದೆ ಅಕ್ಕರೆಯಲ್ಲದೆ ಬೇರೇನೂ ಇಲ್ಲ. ಆದರೂ ಈ ರೂಢಿಯನ್ನು ನಾವು ಕೈಬಿಡಬೇಕೆಂದು ನಾನು ವಾದಿಸುತ್ತೇನೆ. ಕಾರಣಗಳು ಎರಡು. ಉಪ್ಪು ಬಿಡುವುದರಿಂದ ಬಸುರಿಯ ರಕ್ತದೊತ್ತಡದ ಕಾಯಿಲೆಯನ್ನು ತಡೆಯಬಹುದೆಂಬುದಕ್ಕೆ ಆಧಾರವಿಲ್ಲ. ಅದಕ್ಕಿಂತ ಮುಖ್ಯವಾಗಿ, ಉಪ್ಪಿನ ಡಬ್ಬಿಯ ಮೇಲೆ ನೆಟ್ಟ ಕಣ್ಣು ನಿಜವಾಗಿ ಕಾಯಬೇಕಾದ ಅಪಾಯವನ್ನು ಕಾಣದೆ ಹೋಗುತ್ತದೆ.

ಮೊದಲು ಊತದ ಮೂಲವನ್ನು ನೋಡೋಣ. ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದ ಪ್ರಮಾಣ ಸುಮಾರು ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ತಿಂಗಳು ತುಂಬುವ ಹೊತ್ತಿಗೆ ಶರೀರದ ಒಟ್ಟು ನೀರಿನ ಅಂಶ 6ರಿಂದ 8 ಲೀಟರಿನಷ್ಟು ಏರಿರುತ್ತದೆ. ಈ ನೀರನ್ನು ಹಿಡಿದಿಡುವುದಕ್ಕಾಗಿಯೇ ಮೂತ್ರಪಿಂಡಗಳು ಉಪ್ಪಿನಲ್ಲಿರುವ ಸೋಡಿಯಂ ಅನ್ನು ಎಂದಿಗಿಂತ ಜತನದಿಂದ ಉಳಿಸಿಕೊಳ್ಳುತ್ತವೆ. ಇತ್ತ ಬೆಳೆಯುತ್ತಿರುವ ಗರ್ಭಕೋಶವು ಕಾಲುಗಳಿಂದ ಹೃದಯಕ್ಕೆ ರಕ್ತವನ್ನು ಹಿಂತಿರುಗಿಸುವ ದೊಡ್ಡ ಅಭಿಧಮನಿಯನ್ನು ಒತ್ತುತ್ತದೆ. ಆದುದರಿಂದ ದಿನವಿಡೀ ನಿಂತವಳ ಅಥವಾ ಕಚೇರಿಯ ಕುರ್ಚಿಯಲ್ಲಿ ಕುಳಿತವಳ ಕಾಲು ಸಂಜೆಗೆ ಊದುತ್ತದೆ, ರಾತ್ರಿ ಮಲಗೆದ್ದರೆ ಇಳಿಯುತ್ತದೆ. ಬೇಸಿಗೆಯಲ್ಲಿಯೂ ದೀರ್ಘ ವಿಮಾನಯಾನದಲ್ಲಿಯೂ ಹೆಚ್ಚಾಗುತ್ತದೆ. ಇದು ಬಹುಪಾಲು ಬಸುರಿಯರಲ್ಲಿ ಕಾಣುವ ಸಹಜ ಸ್ಥಿತಿ. ಎರಡು ದಿನ ಉಪ್ಪು ಬಿಟ್ಟಾಗ ಇಳಿದಂತೆ ತೋರುವ ಊತ ಬಹುಮಟ್ಟಿಗೆ ವಿಶ್ರಾಂತಿಯಿಂದ ಇಳಿದದ್ದು.

ಉಪ್ಪಿನ ಮೇಲಿನ ಈ ಆರೋಪ ನಮ್ಮ ಅಜ್ಜಿಯರೇ ಹುಟ್ಟುಹಾಕಿದ್ದೆಂದು ಭಾವಿಸುವುದು ಅನ್ಯಾಯ. ಇಪ್ಪತ್ತನೆಯ ಶತಮಾನದ ಬಹುಭಾಗ ಯುರೋಪು ಮತ್ತು ಅಮೆರಿಕದ ವೈದ್ಯರೇ ಗರ್ಭಿಣಿಯರಿಗೆ ಉಪ್ಪು ಬಿಡಿಸುತ್ತಿದ್ದರು. ಊತ ಇಳಿಸಲು ಮೂತ್ರವರ್ಧಕ ಮಾತ್ರೆಗಳನ್ನೂ ಧಾರಾಳವಾಗಿ ಕೊಡುತ್ತಿದ್ದರು. ಆ ನಂಬಿಕೆಯನ್ನು ಮೊದಲಿಗೆ ಅಲುಗಾಡಿಸಿದ ಅಧ್ಯಯನಗಳಲ್ಲೊಂದು ನಡೆದದ್ದು ನಾವಿರುವ ಈ ದೇಶದಲ್ಲಿಯೇ. 1958ರಲ್ಲಿ ಮಾರ್ಗರೆಟ್ ರಾಬಿನ್‌ಸನ್ ಅವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದ ವರದಿಯಲ್ಲಿ, ಲಂಡನ್ನಿನ 2,000ಕ್ಕೂ ಹೆಚ್ಚು ಗರ್ಭಿಣಿಯರಲ್ಲಿ ಕೆಲವರಿಗೆ ಉಪ್ಪು ಹೆಚ್ಚಿಸುವಂತೆ, ಉಳಿದವರಿಗೆ ತಗ್ಗಿಸುವಂತೆ ಸೂಚಿಸಲಾಗಿತ್ತು. ಊತವೂ ರಕ್ತದೊತ್ತಡದ ಕಾಯಿಲೆಯೂ ಹೆಚ್ಚು ಕಂಡುಬಂದದ್ದು ಉಪ್ಪು ತಗ್ಗಿಸಿದವರಲ್ಲಿ. ಇಂದಿನ ಅಳತೆಗೋಲಿನಲ್ಲಿ ಆ ಅಧ್ಯಯನದ ವಿಧಾನ ಬಿಗಿಯಾದುದಲ್ಲ. ಅದನ್ನು ನಂಬಿ ಹೆಚ್ಚು ಉಪ್ಪು ತಿನ್ನಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ಉಪ್ಪೇ ಅಪರಾಧಿಯೆಂಬ ತೀರ್ಪು ಆತುರದ್ದೆಂಬುದಕ್ಕೆ ಅಷ್ಟು ಸಾಕಾಗಿತ್ತು. ಮುಂದೆ ಕಾಕ್ರೇನ್ ಸಮೀಕ್ಷಕರು 603 ಮಹಿಳೆಯರನ್ನೊಳಗೊಂಡ ಎರಡು ಪ್ರಯೋಗಗಳನ್ನು ಒಟ್ಟಿಗೆ ಪರಿಶೀಲಿಸಿದಾಗಲೂ ಉಪ್ಪು ತಗ್ಗಿಸುವುದರಿಂದ ಲಾಭವಿದೆಯೆಂಬುದು ಸಿದ್ಧವಾಗಲಿಲ್ಲ. ಈ ಕಾಯಿಲೆಯನ್ನು ತಡೆಯುವ ಉದ್ದೇಶದಿಂದ ಗರ್ಭಿಣಿಯರ ಉಪ್ಪಿಗೆ ಕಡಿವಾಣ ಹಾಕಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಹೇಳಿತು. ಬ್ರಿಟನ್ನಿನ ನೈಸ್ ಸಂಸ್ಥೆಯ 2019ರ ಮಾರ್ಗಸೂಚಿಯ ಮಾತೂ ಅದೇ.

ಆ ಕಾಯಿಲೆಯ ಹೆಸರು ಪ್ರೀಎಕ್ಲಾಂಪ್ಸಿಯಾ. ಗರ್ಭಕ್ಕೆ 20 ವಾರಗಳಾದ ಮೇಲೆ ರಕ್ತದೊತ್ತಡ 140/90 ಅಥವಾ ಅದಕ್ಕಿಂತ ಮೇಲೇರಿ, ಅದರೊಡನೆ ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವುದು ಅಥವಾ ಯಕೃತ್ತು, ಮೂತ್ರಪಿಂಡ, ರಕ್ತ, ಮೆದುಳು ಇವುಗಳಲ್ಲಿ ತೊಂದರೆ ತಲೆದೋರುವುದು ಇದರ ಲಕ್ಷಣ. ಇದರ ಬೇರು ಇರುವುದು ಮಾಸಿನಲ್ಲಿ, ಅಡುಗೆಮನೆಯಲ್ಲಲ್ಲ. ರಕ್ತನಾಳಗಳ ಒಳಪದರ ಹಾನಿಗೊಂಡು, ನಾಳದೊಳಗೆ ಇರಬೇಕಾದ ನೀರು ಹೊರಗೆ ಸೋರುತ್ತದೆ. ಹೊರಗಿನಿಂದ ನೋಡಿದರೆ ಮೈ ತುಂಬ ನೀರು; ಒಳಗೆ ರಕ್ತನಾಳಗಳಲ್ಲಿ ಹರಿಯುವ ದ್ರವವೇ ಸಾಮಾನ್ಯಕ್ಕಿಂತ ಕಡಿಮೆ. ಉಪ್ಪು ಬಿಡಿಸಿ, ಮೂತ್ರವರ್ಧಕ ಕೊಟ್ಟು ಊತ ಇಳಿಸುವ ಹಳೆಯ ಪದ್ಧತಿಯನ್ನು ವೈದ್ಯಲೋಕ ಕೈಬಿಟ್ಟದ್ದರ ಹಿಂದಿನ ತರ್ಕ ಇದು. ಸೋರುವ ಕೊಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿದರೆ ತೂತು ಮುಚ್ಚುವುದಿಲ್ಲ.

ಹಾಗಾದರೆ ಸಪ್ಪೆ ಊಟದಿಂದ ನಷ್ಟವೇನು ಎಂದು ಕೇಳಬಹುದು. ಮೊದಲ ನಷ್ಟ ಊಟದ್ದೇ. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದವರು ನಾವು. ಓಕರಿಕೆ, ಎದೆಯುರಿಗಳ ನಡುವೆ ನಾಲ್ಕು ತುತ್ತು ಉಣ್ಣಲು ಹೆಣಗುವವಳಿಂದ ರುಚಿಯನ್ನೂ ಕಿತ್ತುಕೊಂಡರೆ ಆಕೆ ಉಣ್ಣುವುದು ಎರಡೇ ತುತ್ತು. ಎರಡನೆಯದು ಅಯೋಡಿನ್. ಭಾರತದಲ್ಲಿ 2006ರಿಂದ ಅಡುಗೆಗೆ ಮಾರುವ ಉಪ್ಪಿನಲ್ಲಿ ಅಯೋಡಿನ್ ಕಡ್ಡಾಯ. ಆದಕಾರಣ ಉಪ್ಪೆಂದರೆ ಅಯೋಡಿನ್ ಇದ್ದೇ ಇರುತ್ತದೆಂದು ನಮ್ಮಲ್ಲಿ ಅನೇಕರ ಎಣಿಕೆ. ಇಲ್ಲಿನ ಅಂಗಡಿಗಳ ಬಹುಪಾಲು ಉಪ್ಪಿನಲ್ಲಿ ಅದು ಇರುವುದಿಲ್ಲ. ಊತಕ್ಕೆ ಒಳ್ಳೆಯದೆಂದು ನಂಬಿ ತರುವ ಸೈಂಧವ ಲವಣದಲ್ಲಿ ಸೋಡಿಯಂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಅಯೋಡಿನ್ ಸಾಮಾನ್ಯವಾಗಿ ಇರುವುದಿಲ್ಲ. ಮಗುವಿನ ಮೆದುಳಿನ ಬೆಳವಣಿಗೆಗೆ ಬೇಕಾದ ಈ ಅಂಶ ಈ ದೇಶದಲ್ಲಿ ಮುಖ್ಯವಾಗಿ ದೊರೆಯುವುದು ಹಾಲು, ಮೊಸರು ಮತ್ತು ಮೀನಿನಿಂದ. ಮೀನು ತಿನ್ನದ, ಹಾಲು ಒಗ್ಗದ ಬಸುರಿಯರು ತಮ್ಮ ಮಿಡ್‌ವೈಫ್ ಬಳಿ ಈ ವಿಷಯವನ್ನು ಪ್ರಸ್ತಾಪಿಸಲೇಬೇಕು.

ಉಪ್ಪು ಬಿಡಬೇಡಿ ಎಂದರೆ ಸುರಿದುಕೊಳ್ಳಿ ಎಂದರ್ಥವಲ್ಲ. ಈ ದೇಶದಲ್ಲಿ ವಯಸ್ಕರಿಗೆ ಹೇಳಿರುವ ಮಿತಿ ದಿನಕ್ಕೆ 6 ಗ್ರಾಂ, ಅಂದರೆ ಸುಮಾರು ಒಂದು ಟೀ ಚಮಚ. ಆ ಮಿತಿ ಮೀರುವುದು ಬಹಳಮಟ್ಟಿಗೆ ಸಾರಿನಿಂದಲ್ಲ. ಬ್ರೆಡ್, ಚೀಸ್, ಡಬ್ಬಿಯ ಸೂಪು, ದಿಢೀರ್ ನೂಡಲ್ಸ್, ಸೋಯಾ ಸಾಸ್, ಹೊರಗಿನಿಂದ ತರಿಸಿದ ಊಟ ಇವುಗಳಿಂದ. ಜೊತೆಗೆ ನಮ್ಮ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳೂ ಸೇರುತ್ತವೆ. ಇವುಗಳಲ್ಲಿ ಹಿತಮಿತ ಬಸುರಿಗೆ ಮಾತ್ರವಲ್ಲ, ಆಕೆಯ ಗಂಡನಿಗೂ ಒಳ್ಳೆಯದು. ಗರ್ಭಕ್ಕೆ ಮೊದಲೇ ರಕ್ತದೊತ್ತಡ, ಮೂತ್ರಪಿಂಡ ಅಥವಾ ಹೃದಯದ ಕಾಯಿಲೆ ಇದ್ದವರ ವಿಚಾರ ಬೇರೆ. ಅವರಿಗೆ ಉಪ್ಪು ತಗ್ಗಿಸುವಂತೆ ವೈದ್ಯರೇ ಹೇಳಬಹುದು, ಹಾಗೆ ಹೇಳಿದರೆ ಪಾಲಿಸಬೇಕು. ಉಳಿದವರು ಎಂದಿನ ರುಚಿಗೆ ತಕ್ಕಷ್ಟು ಉಪ್ಪು ಹಾಕಿ ಉಣ್ಣಲಿ. ಕಾಲುಗಳನ್ನು ಎತ್ತರದಲ್ಲಿಟ್ಟು ಕುಳಿತುಕೊಳ್ಳಲಿ, ಎಡಮಗ್ಗುಲಲ್ಲಿ ಮಲಗಲಿ, ಆಗಾಗ ನಡೆಯಲಿ, ಬೇಕಾದರೆ ಬಿಗಿ ಕಾಲುಚೀಲ ಧರಿಸಲಿ. ಬಾರ್ಲಿ ನೀರು ಇಷ್ಟವಿದ್ದರೆ ಕುಡಿಯಲಿ. ಅದನ್ನು ಔಷಧವೆಂದು ಮಾತ್ರ ತಿಳಿಯದಿರಲಿ.

ಇಲ್ಲಿ ಇನ್ನೊಂದು ಅತಿರೇಕವನ್ನೂ ಗಮನಿಸಬೇಕು. "ಬಸುರಿಯೆಂದ ಮೇಲೆ ಕಾಲೂತ ಇದ್ದದ್ದೇ, ಅದಕ್ಕೇಕೆ ಗಾಬರಿ" ಎಂಬ ಮಾತು ಉಪ್ಪು ಬಿಡಿಸುವ ಮಾತಿನಷ್ಟೇ ಅಪಾಯಕಾರಿ. ಪಾದದಲ್ಲಿ ಮೆಲ್ಲನೆ ಬಂದು ಬೆಳಗ್ಗೆ ಇಳಿಯುವ ಊತ ಬೇರೆ. ಮುಖ, ಕೈ, ಕಣ್ಣಿನ ಸುತ್ತ ಹಠಾತ್ತನೆ ಕಾಣಿಸಿಕೊಳ್ಳುವ ಊತ ಬೇರೆ. ತೀವ್ರ ತಲೆನೋವು, ಕಣ್ಣು ಮಂಜಾಗುವುದು ಅಥವಾ ಮುಂದೆ ಮಿಂಚು ಹೊಳೆದಂತಾಗುವುದು, ಪಕ್ಕೆಲುಬಿನ ಕೆಳಗೆ ನೋವು, ವಾಂತಿ, ಉಸಿರಾಟದ ಕಷ್ಟ ಇವುಗಳಲ್ಲಿ ಯಾವುದು ಕಂಡರೂ ಮುಂದಿನ ತಪಾಸಣೆಯವರೆಗೆ ಕಾಯದೆ ಅಂದೇ ಆಸ್ಪತ್ರೆಯ ಹೆರಿಗೆ ವಿಭಾಗಕ್ಕೆ ಕರೆ ಮಾಡಬೇಕು. ಒಂದೇ ಕಾಲು ಊದಿ, ನೋವಿದ್ದು, ಬಿಸಿಯಾಗಿದ್ದರೆ ಅದು ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಿರಬಹುದು. ಅದೂ ತುರ್ತಿನ ಸಂಗತಿಯೇ. ಊತವೇ ಇಲ್ಲದೆಯೂ ಪ್ರೀಎಕ್ಲಾಂಪ್ಸಿಯಾ ಬರಬಹುದೆಂಬುದನ್ನು ಮರೆಯಬಾರದು. ಆದಕಾರಣ ನಿರ್ಣಾಯಕವಾದುದು ಪಾದದ ಗಾತ್ರವಲ್ಲ. ರಕ್ತದೊತ್ತಡದ ಅಂಕಿ ಮತ್ತು ಮೂತ್ರದ ಪರೀಕ್ಷೆ. ಈ ದೇಶದಲ್ಲಿ ಪ್ರತಿ ತಪಾಸಣೆಯಲ್ಲಿಯೂ ಇವೆರಡನ್ನು ನೋಡುತ್ತಾರೆ. "ಆರಾಮವಾಗಿದ್ದೇನಲ್ಲ" ಎಂದು ಒಂದು ಭೇಟಿಯನ್ನೂ ತಪ್ಪಿಸಬಾರದು. ಅಪಾಯದ ಸಂಭವ ಹೆಚ್ಚಿರುವವರಿಗೆ 12ನೆಯ ವಾರದಿಂದ ಅಲ್ಪ ಪ್ರಮಾಣದ ಆಸ್ಪಿರಿನ್ ಕೊಡುವ ಪದ್ಧತಿಯೂ ಇಲ್ಲಿದೆ. ಅದು ತಮಗೆ ಬೇಕೇ ಎಂದು ಮೊದಲ ಭೇಟಿಯಲ್ಲಿಯೇ ಕೇಳುವುದು ಒಳಿತು.

ಬಾಣಂತನದ ಮನೆಯಲ್ಲಂತೂ ಈ ಎಚ್ಚರ ಇನ್ನೂ ಹೆಚ್ಚಿರಬೇಕು. ಹೆರಿಗೆಯಾಯಿತು, ಗಂಡಾಂತರ ಕಳೆಯಿತು ಎಂದು ನಾವು ನಿರಾಳರಾಗುತ್ತೇವೆ. ಆದರೆ ರಕ್ತದೊತ್ತಡ ಎತ್ತರಕ್ಕೇರುವುದು ಸಾಮಾನ್ಯವಾಗಿ ಹೆರಿಗೆಯ ನಂತರದ 3ರಿಂದ 6ನೆಯ ದಿನಗಳಲ್ಲಿ. ತಾಯಿ ಮನೆಗೆ ಮರಳಿರುವ ದಿನಗಳವು. ಬಾಣಂತಿ ತಲೆನೋವೆಂದರೆ ಶೀತವೆಂದೋ ವಾಯುವೆಂದೋ ಹೇಳಿ ತಲೆಗೆ ಬಟ್ಟೆ ಬಿಗಿದು ಮಲಗಿಸುವುದು ನಮ್ಮ ಪದ್ಧತಿ. ಆ ತಲೆನೋವು ಫಿಟ್ಸಿನ ಮುನ್ಸೂಚನೆಯೂ ಆಗಿರಬಹುದು. ಬಟ್ಟೆ ಕಟ್ಟುವ ಮೊದಲು ರಕ್ತದೊತ್ತಡ ನೋಡಿದರೆ ಸಂಪ್ರದಾಯಕ್ಕೇನೂ ಕುಂದಿಲ್ಲ.

ಬ್ರಿಟನ್ನಿನ ತಾಯಿ ಮರಣದ ರಾಷ್ಟ್ರೀಯ ವರದಿಗಳು ವರ್ಷದಿಂದ ವರ್ಷಕ್ಕೆ ಒಂದು ಕಹಿ ಸಂಗತಿಯನ್ನು ದಾಖಲಿಸುತ್ತಿವೆ: ಏಷ್ಯಾ ಮೂಲದ ಮಹಿಳೆಯರಲ್ಲಿ ಮರಣದ ಪ್ರಮಾಣ ಬಿಳಿಯರಿಗಿಂತ ಹೆಚ್ಚು. ಇದಕ್ಕೆ ಕಾರಣಗಳು ಹಲವು. ಎಲ್ಲವೂ ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ತಡಮಾಡದೆ ಹೇಳುವುದು, ಕೇಳಿಸಿಕೊಳ್ಳದಿದ್ದರೆ ಮತ್ತೊಮ್ಮೆ ಹೇಳುವುದು. "ಸ್ವಲ್ಪ ತಲೆನೋವು, ಪರವಾಗಿಲ್ಲ" ಎಂದು ಸಂಕೋಚದಿಂದ ಅರ್ಧ ನುಂಗಿಕೊಂಡ ಮಾತು ಫೋನಿನ ಆ ತುದಿಯಲ್ಲಿರುವವರಿಗೆ ತುರ್ತಾಗಿ ಕೇಳಿಸುವುದಿಲ್ಲ. ಅಂಕಿಗಳನ್ನು ಹೇಳಿದರೆ ಕೇಳಿಸುತ್ತದೆ. "ಈಗ 150/100 ಇದೆ, ತಲೆ ಸಿಡಿಯುತ್ತಿದೆ" ಎಂಬ ಮಾತನ್ನು ಯಾವ ಆಸ್ಪತ್ರೆಯೂ ಹಗುರವಾಗಿ ತೆಗೆದುಕೊಳ್ಳಲಾಗದು.

ಆದುದರಿಂದ ನಮ್ಮ ಸಂಘದ ಕುಟುಂಬಗಳ ಮುಂದೆ ಮೂರು ಸಲಹೆಗಳನ್ನಿಡುತ್ತೇನೆ. ಮೊದಲನೆಯದು, ಸೀಮಂತದಲ್ಲಿ ಮಡಿಲು ತುಂಬುವಾಗ ಸೀರೆ, ಬಳೆ, ಹಣ್ಣುಗಳ ಜೊತೆಗೆ ರಕ್ತದೊತ್ತಡ ಅಳೆಯುವ ಯಂತ್ರವೊಂದನ್ನು ಕೊಡೋಣ. ಮಣಿಕಟ್ಟಿಗೆ ಕಟ್ಟುವಂಥದು ಬೇಡ. ತೋಳಿಗೆ ಕಟ್ಟುವ, ಗರ್ಭಿಣಿಯರಲ್ಲಿ ಪರೀಕ್ಷಿಸಿ ಒಪ್ಪಿದ ಯಂತ್ರವಿರಲಿ. ಐದು ನಿಮಿಷ ಸುಮ್ಮನೆ ಕುಳಿತು, ಪಾದಗಳನ್ನು ನೆಲಕ್ಕೂರಿ, ತೋಳನ್ನು ಎದೆಯ ಮಟ್ಟದಲ್ಲಿಟ್ಟು ಅಳೆಯಬೇಕು. ಅಂಕಿ 140/90 ಮುಟ್ಟಿದರೆ ಅಂದೇ ಕರೆ ಮಾಡಬೇಕು; 160/110 ಮುಟ್ಟಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೊರಡಬೇಕು. ಎರಡನೆಯದು, ಅಪಾಯದ ಚಿಹ್ನೆಗಳನ್ನು ಸರಳ ಕನ್ನಡದಲ್ಲಿ ಒಂದೇ ಪುಟಕ್ಕೆ ಬರೆದು ಬಾಣಂತನಕ್ಕೆಂದು ಊರಿನಿಂದ ಬರುವ ಹಿರಿಯರ ಕೈಗೆ ಕೊಡೋಣ. ಮೂರನೆಯದು, ರಾತ್ರಿ ವೇಳೆ ಆಸ್ಪತ್ರೆಗೆ ಕರೆದೊಯ್ಯಲು, ಹಿರಿಯ ಮಗುವನ್ನು ನೋಡಿಕೊಳ್ಳಲು ಸಿದ್ಧರಿರುವ ನಾಲ್ಕಾರು ಕುಟುಂಬಗಳ ಪಟ್ಟಿ ಸಂಘದಲ್ಲಿರಲಿ. "ಈ ಹೊತ್ತಿನಲ್ಲಿ ಯಾರಿಗೆ ತೊಂದರೆ ಕೊಡುವುದು" ಎಂಬ ಒಂದು ಅಳುಕಿನಿಂದ ಬೆಳಗಿನವರೆಗೆ ಕಾಯುವ ಪ್ರಸಂಗ ನಮ್ಮವರಿಗೆ ಬಾರದಿರಲಿ.

ಹಿರಿಯರ ಸಲಹೆಯನ್ನು ತಳ್ಳಿಹಾಕಿ ಎಂದು ನಾನು ಹೇಳುತ್ತಿಲ್ಲ. ಏಳು ಸಮುದ್ರಗಳಾಚೆಯಿಂದಲೂ "ಮುಖ ಯಾಕೋ ಬಾತಿದೆಯಲ್ಲೇ" ಎಂದು ಗುರುತಿಸಬಲ್ಲ ಕಣ್ಣು ತಾಯಿಯದು. ಯಂತ್ರಕ್ಕೂ ಮಿಡ್‌ವೈಫ್‌ಗೂ ಮೊದಲು ಅಪಾಯವನ್ನು ಕಾಣಬಲ್ಲವಳು ಅವಳೇ ಇರಬಹುದು. ಆ ಕಣ್ಣು ಕಂಡದ್ದನ್ನು ಉಪ್ಪಿನ ಡಬ್ಬಿಯ ಕಡೆಗೆ ತಿರುಗಿಸದೆ ಆಸ್ಪತ್ರೆಯ ಕಡೆಗೆ ತಿರುಗಿಸಬೇಕು. ಊತ ಕಂಡಾಗ "ಉಪ್ಪು ತಿಂದೆಯಾ?" ಎಂದು ಕೇಳುವ ಬದಲು "ಬಿಪಿ ನೋಡಿದೆಯಾ?" ಎಂದು ಕೇಳುವುದನ್ನು ನಮ್ಮ ಮನೆಗಳು ರೂಢಿಸಿಕೊಳ್ಳಲಿ.