ಮುಡಿಗೂ ಅಲ್ಲ, ದೇವರಿಗೂ ಅಲ್ಲ

ನಮ್ಮ ಮನೇಲಿ ಹೂವಿಗೆ ಎರಡೇ ಜಾಗ. ಒಂದು ದೇವರ ಮುಂದೆ, ಇನ್ನೊಂದು ತಲೆ ಮೇಲೆ. ಹೂದಾನಿ ಅಂದ್ರೆ ಶೋಕೇಸ್‌ನಲ್ಲಿ ಪ್ಲಾಸ್ಟಿಕ್ ಗುಲಾಬಿ ಇಟ್ಕೊಂಡು ಧೂಳು ಹಿಡಿಯೋ ವಸ್ತು. ಹಾಗಾಗಿ ಟೆರೇಸಿನಲ್ಲಿ ಪಿನ್‌ಕುಶನ್ ಹೂವಿನ ಬೀಜ ಹಾಕ್ತೀನಿ ಅಂದಾಗ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಘಮ ಇದ್ಯಾ?"

"ಅಂಥದ್ದೇನಿಲ್ಲಮ್ಮ."

"ಕಟ್ಟೋಕೆ ಬರತ್ತಾ?"

"ಇಲ್ಲ. ಉದ್ದ ದಂಟಿನ ಸಮೇತ ಕತ್ತರಿಸಿ ನೀರಲ್ಲಿಡೋ ಹೂವು."

"ಮತ್ಯಾಕೆ?"

ಆಗ ನನ್ನ ಹತ್ರ ಉತ್ತರ ಇರಲಿಲ್ಲ.

ಇದರ ಸಸ್ಯಶಾಸ್ತ್ರೀಯ ಹೆಸರು ಸ್ಕೇಬಿಯೋಸಾ ಅಟ್ರೊಪರ್ಪ್ಯೂರಿಯಾ. ಮೂಲ ದಕ್ಷಿಣ ಯುರೋಪ್. ಒಂದು ಹೂವು ಅಂತ ನಮಗೆ ಕಾಣೋದು ನಿಜವಾಗಿ ಹತ್ತಾರು ಪುಟ್ಟ ಹೂವುಗಳ ಗುಚ್ಛ. ಅದರಿಂದ ಹೊರಗೆ ಚಾಚಿಕೊಂಡಿರೋ ಕೇಸರಗಳು ಥೇಟ್ ಗುಂಡುಸೂಜಿ ಚುಚ್ಚಿಟ್ಟ ಹಾಗೆ ಕಾಣತ್ತೆ. ಅಮ್ಮ ಊರಲ್ಲಿ ಬ್ಲೌಸ್ ಹೊಲೀತಿದ್ರು. ಅವರ ಹೊಲಿಗೆ ಮಷೀನಿನ ಪಕ್ಕ ಸೂಜಿ ಚುಚ್ಚಿಡೋಕೆ ಒಂದು ಪುಟ್ಟ ಬಟ್ಟೆ ದಿಂಬು ಇರ್ತಿತ್ತು. ಪ್ಯಾಕೆಟ್ ಮೇಲಿನ ಚಿತ್ರ ನೋಡಿದ್ದೇ ಅಮ್ಮ ಹೆಸರಿಟ್ಟರು: ಸೂಜಿದಿಂಬು ಹೂ.

ನನ್ನ ಮೊದಲ ತಪ್ಪು, ಮಾರ್ಚ್‌ನಲ್ಲಿ ಬಿತ್ತಿದ್ದು. ವಿದೇಶದ ವಿಡಿಯೋಗಳಲ್ಲಿ ಎಲ್ಲರೂ ವಸಂತದಲ್ಲೇ ಬಿತ್ತುತ್ತಿದ್ರು, ನಾನೂ ಹಾಗೇ ಮಾಡಿದೆ. ಅವರ ವಸಂತದ ಹಿಂದೆ ಬರೋದು ಹಿತವಾದ ಬಿಸಿಲು, ನಮ್ಮ ಮಾರ್ಚ್ ಹಿಂದೆ ಬರೋದು ಏಪ್ರಿಲ್! ಟೆರೇಸಿನ ಕಾವಿಗೆ ಸಸಿಗಳು ಎರಡು ವಾರದಲ್ಲಿ ಸೊರಗಿ ಹೋದವು. ಇದು ತಂಪು ಹವೆಯ ಗಿಡ. ಬೆಂಗಳೂರಲ್ಲಿ ಬಿತ್ತೋಕೆ ಸರಿಯಾದ ಕಾಲ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್. ಚಳಿಗಾಲ ಪೂರ್ತಿ ಅದಕ್ಕೆ ಸಿಗಬೇಕು.

ಎರಡನೇ ಸಲ ಅಕ್ಟೋಬರ್ 2ಕ್ಕೆ ರಜೆ ಇತ್ತು, ಅವತ್ತೇ ಕೂತೆ. ಬೀಜ ನೋಡೋಕೆ ಪುಟಾಣಿ ಶಟಲ್‌ಕಾಕ್ ತರ, ಸುತ್ತ ಕಾಗದದಂಥ ಲಂಗ. ಸೀಡ್ಲಿಂಗ್ ಟ್ರೇಗೆ ಕೋಕೋಪೀಟ್ ಮತ್ತು ಎರೆಗೊಬ್ಬರ ಬೆರೆಸಿ ತುಂಬಿ, ಒಂದೊಂದು ಗುಳಿಗೆ ಒಂದೊಂದು ಬೀಜ ಹಾಕಿ, ಮೇಲೆ 3 ಮಿಲಿಮೀಟರ್‌ನಷ್ಟು ಮಾತ್ರ ಮುಚ್ಚಿದೆ. ಅಕ್ಟೋಬರ್ ಮಳೆ ನಂಬೋ ಹಾಗಿಲ್ಲ, ಆದ್ದರಿಂದ ಟ್ರೇನ ಮಾಡಿನ ಕೆಳಗೆ, ಬೆಳಕು ಬರೋ ಕಡೆ ಇಟ್ಟೆ. ತೇವ ಇರಬೇಕು, ಆದ್ರೆ ನೀರು ನಿಲ್ಲಬಾರದು. ನಿಂತರೆ ಸಸಿಯ ಬುಡವೇ ಕೊಳೆಯತ್ತೆ. ಹನ್ನೊಂದನೇ ದಿನ ಮೊಳಕೆ ಕಂಡವು.

ಐದು ವಾರ ಆದ್ಮೇಲೆ 12 ಇಂಚಿನ ಗ್ರೋ ಬ್ಯಾಗಿಗೆ ಒಂದೊಂದೇ ಸಸಿ ನೆಟ್ಟೆ. ನೆಲದಲ್ಲಾದ್ರೆ ಗಿಡಕ್ಕೂ ಗಿಡಕ್ಕೂ ಒಂದಡಿ ಜಾಗ ಬಿಡಿ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು. ನೀರು ಬುಡಕ್ಕೆ ಹಾಕಿ, ಎಲೆ ಮೇಲೆ ಬೇಡ. ಎಲೆ ಒದ್ದೆಯಾಗಿ ಗಾಳಿಯಾಡದೆ ಇದ್ರೆ ರೋಗಕ್ಕೆ ದಾರಿ ಮಾಡಿಕೊಟ್ಟ ಹಾಗೆ. ಗಿಡ ಎರಡು ಮೂರಡಿ ಹೋಗತ್ತೆ, ಒಂದು ಕೋಲು ನೆಟ್ಟು ಸಡಿಲವಾಗಿ ದಾರ ಕಟ್ಟಿ.

ನಾಲ್ಕು ಜೊತೆ ಎಲೆ ಬಂದಾಗ ಕುಡಿ ಚಿವುಟಿದೆ. "ಬೆಳೀತಿರೋದನ್ನ ಚಿವುಟ್ತಾರೇನೇ?" ಅಂತ ಅಮ್ಮ ಬೈದರು. ಚಿವುಟಿದ ಜಾಗದ ಕೆಳಗಿಂದ ಕವಲು ಹೊಡೆದಾಗ ಸುಮ್ಮನಾದರು.

ಇಲ್ಲಿ ಇನ್ನೊಂದು ವಿಷಯ ಹೇಳಬೇಕು. ಅಪ್ಪ ಹೋದಮೇಲೆ ಅಮ್ಮ ನನ್ನ ಜೊತೆ ಇರೋಕೆ ಬಂದ್ರು. ದಿನಾ ಸಂಜೆ ಮಲ್ಲಿಗೆ ಕಟ್ತಾರೆ. ಒಂದು ತುಂಡು ದೇವರಿಗೆ, ಒಂದು ನಂಗೆ. ತಮಗೆ ಮಾತ್ರ ಇಲ್ಲ. ಒಂದು ಶುಕ್ರವಾರ ನಾನೇ ಅವರ ಜಡೆಗೆ ಸಿಕ್ಕಿಸೋಕೆ ಹೋದೆ. ಈ ಕಾಲದಲ್ಲೂ ಇದೆಲ್ಲ ಯಾಕಮ್ಮ ಅಂತ ದೊಡ್ಡ ಭಾಷಣ ಬೇರೆ. ಅಮ್ಮ ನನ್ನ ಕೈ ಸರಿಸಿದ್ರು, ಎದ್ದು ಅಡುಗೆಮನೆಗೆ ಹೋದ್ರು. ಎರಡು ದಿನ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ನಾನು ಆ ವಿಷಯ ಎತ್ತಲಿಲ್ಲ.

ಜನವರಿ ಮೊದಲ ವಾರ ಮೊದಲ ಹೂ ಬಿಡ್ತು. ಬಿತ್ತಿ ತೊಂಬತ್ತೈದು ದಿನಕ್ಕೆ. ಹೆಚ್ಚು ಕಡಿಮೆ ಕಪ್ಪು ಅನ್ನಿಸೋ ಮರೂನ್, ಅದರ ಮೇಲೆ ಬಿಳಿ ಚುಕ್ಕಿ ಇಟ್ಟ ಹಾಗೆ ಕೇಸರ. ಆಮೇಲೆ ತಿಳಿ ನೇರಳೆ, ಗುಲಾಬಿ. ಕತ್ತರಿಸೋಕೆ ಅಂತಲೇ ಬೆಳೆಸಿದ್ದು, ಆದ್ರೆ ಕೈ ಬರಲಿಲ್ಲ. ಮೂರು ತಿಂಗಳು ಕಾದಿದ್ದೀನಿ, ಗಿಡದಲ್ಲೇ ಇರಲಿ ಬಿಡು ಅಂದ್ಕೊಂಡೆ. ದಿನಾ ಫೋಟೋ ತೆಗೆದಿದ್ದೇ ಬಂತು.

ಮೂರು ವಾರಕ್ಕೆ ಹೊಸ ಮೊಗ್ಗು ಕಡಿಮೆ ಆದವು. ಕಾರಣ ಸರಳ. ಗಿಡದ ಉದ್ದೇಶ ಬೀಜ ಮಾಡೋದು. ಹೂ ಬಾಡಿ ಬೀಜ ಕಟ್ಟೋಕೆ ಶುರುವಾದ್ರೆ ಶಕ್ತಿಯೆಲ್ಲ ಅಲ್ಲಿಗೇ ಹೋಗತ್ತೆ. ಕತ್ತರಿಸಿದ್ರೆ ಗಿಡ ಮತ್ತೆ ಮೊಗ್ಗು ಹಾಕತ್ತೆ. ಇದನ್ನ ಓದಿ ಅಮ್ಮನಿಗೂ ಹೇಳಿದ್ದೆ. ಮಾಡಿರಲಿಲ್ಲ ಅಷ್ಟೇ.

ಒಂದು ಭಾನುವಾರ ತಡವಾಗಿ ಎದ್ದು ಟೆರೇಸಿಗೆ ಹೋದ್ರೆ ಅರ್ಧ ಗಿಡ ಖಾಲಿ. ಗಾಬರಿಯಾಗಿ ಕೆಳಗೆ ಓಡಿಬಂದೆ. ಅಮ್ಮ ತಮ್ಮ ಬಟ್ಟೆ ಕತ್ತರಿಸೋ ಕತ್ತರಿ ತೊಳೆದು ಒರೆಸ್ತಾ ಕೂತಿದ್ರು. ಹಳೇ ಹಾರ್ಲಿಕ್ಸ್ ಬಾಟಲಿಯಲ್ಲಿ ಹನ್ನೊಂದು ಹೂ, ಹೊಲಿಗೆ ಮಷೀನಿನ ಪಕ್ಕ.

"ದೇವರಿಗೆ ಇಡಲಿಲ್ವಾ?" ಅಂದೆ.

"ದೇವರಿಗೆ ಮಲ್ಲಿಗೆ ಇದೆ."

"ಮತ್ತೆ ಇದು?"

"ನಂಗೆ."

ಅಷ್ಟೇ ಹೇಳಿದ್ದು. ನಾನೂ ಏನೂ ಕೇಳಲಿಲ್ಲ. ಆಮೇಲೆ ಯೋಚನೆ ಮಾಡಿದಾಗ ಅನ್ನಿಸಿತು: ಮಲ್ಲಿಗೆಗೆ, ಸೇವಂತಿಗೆಗೆ, ಕನಕಾಂಬರಕ್ಕೆ ನಮ್ಮಲ್ಲಿ ನಿಯಮ ಇದೆ. ಯಾರು ಮುಡೀಬಹುದು, ಯಾರು ಮುಡಿಯಬಾರದು ಅಂತ. ಈ ಪರದೇಶಿ ಹೂವಿನ ಬಗ್ಗೆ ಯಾರೂ ಏನೂ ಹೇಳಿಲ್ಲ. ನಮ್ಮ ಅಜ್ಜಿಗೂ ಗೊತ್ತಿರಲಿಲ್ಲ, ಪಕ್ಕದ ಮನೆಯವರಿಗೂ ಗೊತ್ತಿಲ್ಲ. ಹಾಗಾಗಿ ಅಮ್ಮ ಯಾರ ಅಪ್ಪಣೆಯೂ ಬೇಕಿಲ್ಲದೆ ತಗೊಂಡ್ರು.

ಈಗ ಕತ್ತರಿಸೋ ಕೆಲಸ ಅವರದ್ದೇ. ಅವರ ಪದ್ಧತಿ ಹೇಳ್ತೀನಿ, ಇದೇ ಸರಿಯಾದ ಪದ್ಧತಿಯೂ ಹೌದು. ಬಿಸಿಲೇರೋ ಮೊದಲು ಬಕೆಟ್‌ನಲ್ಲಿ ನೀರು ಇಟ್ಕೊಂಡು ಹೋಗಬೇಕು. ಹೊರಸುತ್ತಿನ ದಳ ಅರಳಿ, ನಡುಭಾಗ ಇನ್ನೂ ಮೊಗ್ಗಾಗಿರೋ ಹೂ ಆರಿಸಬೇಕು. ಹೂವಿನ ಕುತ್ತಿಗೆಗೆ ಕತ್ತರಿಸಬಾರದು, ಕೆಳಗೆ ಕವಲು ಒಡೆಯೋ ಜಾಗದ ಮೇಲ್ಗಡೆ ಕತ್ತರಿಸಬೇಕು. ಕೆಳಗಿನ ಎಲೆ ತೆಗೆದು ಕೂಡಲೇ ನೀರಿಗೆ ಹಾಕಬೇಕು. ಎರಡು ದಿನಕ್ಕೊಮ್ಮೆ ನೀರು ಬದಲಾಯಿಸಿ, ದಂಟಿನ ತುದಿ ಸ್ವಲ್ಪ ಕತ್ತರಿಸಿದ್ರೆ ಐದಾರು ದಿನ ಚೆನ್ನಾಗಿರತ್ತೆ. ಆ ಭಾನುವಾರದ ನಂತರ ಗಿಡಗಳು ಮತ್ತೆ ಚಿಗುರಿ ಮಾರ್ಚ್ ಮಧ್ಯದವರೆಗೆ ಹೂ ಕೊಟ್ಟವು.

ಈ ಹೂವಿಗೆ ಇನ್ನೂ ಹೆಸರುಗಳಿವೆ. ಪೋರ್ಚುಗೀಸರು ಇದನ್ನ ಸೌದಾದ್ ಅಂತಾರೆ, ಅಗಲಿದವರ ನೆನಪಿನ ಹಂಬಲ ಅನ್ನೋ ಅರ್ಥ. ಸ್ಪೇನಿನಲ್ಲಿ ವಿಯುದಾ, ಅಂದ್ರೆ ವಿಧವೆ. ಇಂಗ್ಲಿಷಿನಲ್ಲೂ ಅಂಥದ್ದೇ ಒಂದು ಹೆಸರಿದೆ. ಇದನ್ನ ಅಮ್ಮನಿಗೆ ಹೇಳೋದಾ ಬೇಡವಾ ಅಂತ ತುಂಬಾ ದಿನ ಒದ್ದಾಡಿದೆ. ಕೊನೆಗೆ ಒಂದಿನ ಅವರೆಕಾಯಿ ಬಿಡಿಸ್ತಾ ಹೇಳಿಬಿಟ್ಟೆ.

ಅಮ್ಮ ಒಂದು ಕ್ಷಣ ಬಾಟಲಿ ಕಡೆ ನೋಡಿದ್ರು. "ಹೆಸರು ಏನಾದ್ರೂ ಇಟ್ಕೊಳ್ಳಲಿ," ಅಂದ್ರು. "ಇವತ್ತು ನೀರು ಬದಲಾಯಿಸಿದ್ಯಾ?"

ಅಮ್ಮ ಈಗಲೂ ಮಲ್ಲಿಗೆ ಮುಡಿಯಲ್ಲ. ನಾನು ಒತ್ತಾಯ ಮಾಡೋದೂ ಬಿಟ್ಟಿದ್ದೀನಿ. ಕೊನೆಯಲ್ಲಿ ಕೆಲವು ಹೂ ಗಿಡದಲ್ಲೇ ಒಣಗೋಕೆ ಬಿಟ್ಟು ಬೀಜ ತೆಗೆದು ಕಾಗದದ ಪೊಟ್ಟಣದಲ್ಲಿ ಇಟ್ಟಿದ್ದೀವಿ. ಬೇರೆ ಬೇರೆ ಬಣ್ಣ ಪಕ್ಕಪಕ್ಕ ಇದ್ದದ್ದರಿಂದ ಮುಂದಿನ ಗಿಡ ಯಾವ ಬಣ್ಣ ಬಿಡತ್ತೋ ಹೇಳೋಕಾಗಲ್ಲ. ಪೊಟ್ಟಣದ ಮೇಲೆ ಅಮ್ಮನ ಅಕ್ಷರದಲ್ಲಿ ಬರೆದಿದೆ: ಸೂಜಿದಿಂಬು, ಅಕ್ಟೋಬರ್.